ಕಾರಿಗೆ ಅಲಾರಂ ಮತ್ತು ರಿಮೋಟ್ ಸ್ಟಾರ್ಟ್: ವೈರ್ ಹುಡುಕುವುದರಿಂದ ಕೊನೆಯ ಪರೀಕ್ಷೆವರೆಗೆ

ಅಲಾರಂ ಕಿಟ್ ತಂದು ಡಬ್ಬಿ ತೆಗೆದರೆ ಮೊದಲು ಕಾಣುವುದು ವೈರುಗಳ ದೊಡ್ಡ ಗೊಂಚಲು. ಜೊತೆಗೆ ಒಂದು ಚಿತ್ರ ಇರುತ್ತದೆ. ಕಿಟ್‌ನ ಯಾವ ವೈರ್ ಯಾವ ಕೆಲಸಕ್ಕೆ ಅಂತ ಅದು ಹೇಳುತ್ತದೆ. ಆದರೆ ನಿಮ್ಮ ಕಾರಿನಲ್ಲಿ ಆ ವೈರ್ ಎಲ್ಲಿದೆ, ಯಾವ ಬಣ್ಣದ್ದು ಅಂತ ಅದರಲ್ಲಿ ಬರೆದಿರುವುದಿಲ್ಲ. ಅದನ್ನು ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು. ಜೋಡಿಸುವುದು ಉಳಿದ ಕಾಲು ಪಾಲು ಅಷ್ಟೇ. ಹುಡುಕುವ ಕೆಲಸದಲ್ಲಿ ಅವಸರ ಮಾಡಿದ ಕಾರುಗಳೇ ನಡುರಾತ್ರಿ ಸುಮ್ಸುಮ್ನೆ ಕೂಗುತ್ತವೆ, ಬೆಳಗ್ಗೆ ಬ್ಯಾಟರಿ ಇಳಿದು ನಿಲ್ಲುತ್ತವೆ. ಹಾಗಾಗಿ ಈ ಬರಹದಲ್ಲೂ ಹುಡುಕುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಿಮ್ಮ ಕಾರಿಗೆ ಇದು ಹೊಂದುತ್ತದಾ?

ಅಲಾರಂ ಮತ್ತು ಸೆಂಟ್ರಲ್ ಲಾಕ್ ಮಾತ್ರ ಸಾಕು ಅಂದರೆ, ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಹೆಚ್ಚುಕಡಿಮೆ ಎಲ್ಲ ಕಾರಿಗೂ ಹಾಕಬಹುದು. ರಿಮೋಟ್ ಸ್ಟಾರ್ಟ್, ಅಂದರೆ ದೂರದಿಂದ ಬಟನ್ ಒತ್ತಿ ಎಂಜಿನ್ ಸ್ಟಾರ್ಟ್ ಮಾಡುವುದು, ಹಾಗಲ್ಲ. ಅದಕ್ಕೆ ತಕ್ಕದ್ದು ಕೀ ಇಗ್ನಿಷನ್, ಪೆಟ್ರೋಲ್ ಎಂಜಿನ್, ಗೇರ್ ಲಿವರ್‌ನಲ್ಲಿ ಪಾರ್ಕ್ ಸ್ಥಾನ ಇರುವ ಆಟೋಮ್ಯಾಟಿಕ್ ಕಾರು. ಹಳೆಯ ಐ10 ಆಟೋಮ್ಯಾಟಿಕ್, ಹಳೆಯ ಸಿಟಿ ಆಟೋಮ್ಯಾಟಿಕ್ ಈ ಗುಂಪಿಗೆ ಸೇರುತ್ತವೆ.

ಮ್ಯಾನ್ಯುಯಲ್ ಗೇರಿನ ಕಾರಿಗೆ ರಿಮೋಟ್ ಸ್ಟಾರ್ಟ್ ಹಾಕಿಸಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಇಳಿಜಾರಿನಲ್ಲಿ ಕಾರು ನಿಲ್ಲಿಸುವವರು ಗೇರಿಗೆ ಹಾಕಿಯೇ ಇಳಿಯುತ್ತಾರೆ. ಅದು ಒಳ್ಳೆಯ ಅಭ್ಯಾಸ ಕೂಡ. ಗೇರಿನಲ್ಲಿರುವ ಕಾರಿಗೆ ದೂರದಿಂದ ಸ್ಟಾರ್ಟರ್ ಕೊಟ್ಟರೆ ಕಾರು ಮುಂದಕ್ಕೆ ಜಿಗಿಯುತ್ತದೆ. ಎದುರಿಗೆ ಗೋಡೆ ಇರಬಹುದು, ಮಗು ಇರಬಹುದು. ಮ್ಯಾನ್ಯುಯಲ್ ಕಾರಿಗೆಂದೇ ಕೆಲವು ಕಿಟ್‌ಗಳಲ್ಲಿ ಒಂದು ಕ್ರಮ ಇದೆ. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಕೀ ತೆಗೆದು ಇಳಿದು ಬಾಗಿಲು ಲಾಕ್ ಮಾಡಬೇಕು. ಆಮೇಲೆ ಎಂಜಿನ್ ತಾನಾಗಿ ನಿಲ್ಲುತ್ತದೆ. ಮತ್ತೆ ಯಾವ ಬಾಗಿಲು ತೆರೆದರೂ ರಿಮೋಟ್ ಸ್ಟಾರ್ಟ್ ರದ್ದಾಗುತ್ತದೆ. ಯೋಚನೆ ಚೆನ್ನಾಗಿದೆ. ಆದರೆ ಒಂದು ಬಾಗಿಲಿನ ಸ್ವಿಚ್ ಕೆಟ್ಟರೆ ಸಾಕು, ಇಡೀ ಕಾವಲು ಬಿದ್ದುಹೋಗುತ್ತದೆ.

ಎಎಂಟಿ, ಅಂದರೆ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಬದಲಿಸುವ ಕಾರುಗಳಿಗೂ ಇದೇ ಮಾತು. 2014ರಲ್ಲಿ ಬಂದ ಸೆಲೆರಿಯೊದಿಂದ ನಮ್ಮಲ್ಲಿ ಎಎಂಟಿ ಮನೆಮಾತಾಯಿತು. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಅದು ಪೂರ್ತಿ ಆಟೋಮ್ಯಾಟಿಕ್ ಅಲ್ಲ. ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಲಿವರ್‌ನಲ್ಲಿ ಪಾರ್ಕ್ ಸ್ಥಾನವೂ ಇಲ್ಲ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಹೊಸ ಕಾರುಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಬಾಗಿಲು, ಲೈಟು, ಸ್ಟಾರ್ಟರ್ ಎಲ್ಲವೂ ಕಂಟ್ರೋಲ್ ಯೂನಿಟ್‌ಗಳ ನಡುವೆ ಕ್ಯಾನ್ ಅನ್ನುವ ಡಿಜಿಟಲ್ ಜಾಲದಲ್ಲಿ ಓಡಾಡುವ ಸಂದೇಶಗಳ ಮೇಲೆ ನಡೆಯುತ್ತವೆ. ಹುಂಡೈ, ಕಿಯಾದ ಕೆಲವು ಮಾದರಿಗಳಲ್ಲಿ ರಿಮೋಟ್ ಸ್ಟಾರ್ಟ್ ಕಂಪನಿಯಿಂದಲೇ ಬರುತ್ತದೆ. ಆ ಸೌಲಭ್ಯ ನಿಜವಾಗಿ ಬೇಕಿದ್ದವರಿಗೆ ಅದೇ ಸರಿಯಾದ ದಾರಿ. ಡೀಸೆಲ್ ಕಾರಿನಲ್ಲಿ ಹೀಟರ್ ಕಾಯಿಲ್ ದೀಪ ಆರುವವರೆಗೆ ಕಾಯಬೇಕು. ಕಿಟ್‌ನಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ಬೇಡ.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ 1988ರ 126ನೇ ಕಲಂ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ನಿಂತ ವಾಹನದ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು. ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಕಾರು ತಾನಾಗಿ ಚಲಿಸದಂತೆ ಮಾಡಿರಬೇಕು. ಅಂದರೆ ರಸ್ತೆ ಬದಿಯಲ್ಲಿ ನಿಲ್ಲಿಸಿದ ಕಾರನ್ನು ಮನೆಯೊಳಗಿಂದ ಸ್ಟಾರ್ಟ್ ಮಾಡುವ ಹಾಗಿಲ್ಲ. ಇದು ನಿಮ್ಮ ಸ್ವಂತ ಕಾಂಪೌಂಡಿನೊಳಗೆ ಬಳಸುವ ಸೌಲಭ್ಯ ಅಂದುಕೊಳ್ಳಿ.

ಕಾಂಪೌಂಡ್ ಸರಿ, ಮುಚ್ಚಿದ ಶೆಡ್ ಬೇಡ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟೂ ಬೇಡ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿ ಆಡದ ಜಾಗದಲ್ಲಿ ಅದು ತುಂಬಿಕೊಂಡರೆ ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜ್ ಇರುವವರು ಅಲಾರಂಗಷ್ಟೇ ನಿಲ್ಲಿಸಿ.

ವಿಮೆಯ ವಿಷಯಕ್ಕೆ ಬಂದರೆ, ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ 2.5 ರಿಯಾಯಿತಿ ಸಿಗುತ್ತದೆ, ಹೆಚ್ಚೆಂದರೆ 500 ರೂಪಾಯಿ. ಸಣ್ಣ ಮೊತ್ತವೇ. ಆದರೂ ಎಆರ್‌ಎಐ ಪ್ರಮಾಣಪತ್ರ ಇರುವ ಕಿಟ್ಟನ್ನೇ ಕೇಳಿ ತನ್ನಿ. ಗ್ಯಾರಂಟಿ ಇರುವ ಕಾರಾದರೆ ಅದು ಮುಗಿಯುವವರೆಗೆ ಕಾಯಿರಿ. ಕಂಪನಿಯ ವೈರ್ ಕತ್ತರಿಸಿದ ಮೇಲೆ ಎಲೆಕ್ಟ್ರಿಕಲ್ ತೊಂದರೆಗೆ ಗ್ಯಾರಂಟಿ ಕೇಳುವುದು ಕಷ್ಟ.

ಬೇಕಾದ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಶುರು ಮಾಡಲೇಬೇಡಿ. ಗ್ಯಾರೇಜುಗಳಲ್ಲಿ ಬಳಸುವ ಬಲ್ಬಿನ ಟೆಸ್ಟರ್ ಬೇಡ. ಬಲ್ಬು ಎಳೆಯುವ ಕರೆಂಟು ಎಂಜಿನ್ ಕಂಪ್ಯೂಟರಿನ ಸೂಕ್ಷ್ಮ ವೈರಿಗೆ ಹೊರೆಯಾಗುತ್ತದೆ. ಏರ್‌ಬ್ಯಾಗಿನ ವೈರಿಗೆ ತಗುಲಿದರೆ ಏರ್‌ಬ್ಯಾಗ್ ಸಿಡಿಯಲೂಬಹುದು. ಹಳದಿ ಕನೆಕ್ಟರ್, ಹಳದಿ ಕವಚ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಕೂಡ ತಾಗಿಸಬೇಡಿ.

ಇದರ ಜೊತೆಗೆ ಸೋಲ್ಡರಿಂಗ್ ಐರನ್, ಹೀಟ್ ಶ್ರಿಂಕ್ ಸ್ಲೀವ್, ಬಟ್ಟೆಯ ವೈರಿಂಗ್ ಟೇಪ್, ವೈರ್ ಸ್ಟ್ರಿಪ್ಪರ್, 10 ಎಂಎಂ ಸ್ಪ್ಯಾನರ್, ಟ್ರಿಮ್ ತೆಗೆಯುವ ಪ್ಲಾಸ್ಟಿಕ್ ಪಟ್ಟಿ, ಪ್ಲಾಸ್ಟಿಕ್ ಟೈ, 12 ವೋಲ್ಟಿನ ಐದು ಪಿನ್ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್), ಕೆಲವು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೇಕು. ಬೆಂಗಳೂರಿನವರಿಗೆ ಮೀಟರ್, ಡಯೋಡ್, ರಿಲೇ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಕಿಟ್ ಮತ್ತು ಲಾಕ್ ಮೋಟರ್ ಜೆಸಿ ರೋಡಿನಲ್ಲಿ.

ವೈರ್ ಹುಡುಕುವುದು

ಇದಕ್ಕೆ ಬ್ಯಾಟರಿ ಜೋಡಿಸಿಯೇ ಇರಬೇಕು. ಯಾವ ವೈರನ್ನೂ ಇನ್ನೂ ಕತ್ತರಿಸಬೇಡಿ. ಸ್ಟೀರಿಂಗ್ ಕೆಳಗಿನ ಕವರಿನ ಸ್ಕ್ರೂ ತೆಗೆದರೆ ಕೀ ಸಿಲಿಂಡರಿನ ಹಿಂದೆ ನಾಲ್ಕರಿಂದ ಆರು ದಪ್ಪ ವೈರುಗಳ ಕಟ್ಟು ಕಾಣುತ್ತದೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಕಡ್ಡಿಯನ್ನು ಬಣ್ಣ ಇಲ್ಲದ ಲೋಹದ ಬೋಲ್ಟಿಗೆ ಕ್ಲಿಪ್ ಮಾಡಿ. ಕೆಂಪು ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ, ವೈರ್ ಒಳಹೋಗುವ ತೂತಿನಲ್ಲಿ ನಿಧಾನವಾಗಿ ತೂರಿಸಿ. ವೈರಿನ ಮೈಗೆ ಚುಚ್ಚಬೇಡಿ. ಆ ಸಣ್ಣ ತೂತಿನಲ್ಲಿ ನೀರಿನ ಪಸೆ ಸೇರಿ, ಒಂದೆರಡು ಮಳೆಗಾಲದಲ್ಲಿ ತಾಮ್ರ ಹಸಿರಾಗುತ್ತದೆ.

ಈಗ ಒಂದೊಂದೇ ವೈರಿನ ಮೇಲೆ ಕೀಯನ್ನು ನಾಲ್ಕೂ ಸ್ಥಾನಕ್ಕೆ ತಿರುಗಿಸಿ ಮೀಟರ್ ನೋಡಿ. ಕೀ ತೆಗೆದಾಗಲೂ 12 ವೋಲ್ಟ್ ಇದ್ದರೆ ಅದು ಬ್ಯಾಟರಿಯ ನೇರ ವೈರ್. ಮೊದಲ ಸ್ಥಾನದಲ್ಲಿ 12 ಬಂದು, ಸ್ಟಾರ್ಟರ್ ಕೊಡುವಾಗ ಸೊನ್ನೆಗೆ ಇಳಿದರೆ ಅದು ಆಕ್ಸೆಸರಿ, ಅಂದರೆ ರೇಡಿಯೋದಂಥವುಗಳ ವೈರ್. ಆನ್ ಮಾಡಿದಾಗ ಬಂದು, ಸ್ಟಾರ್ಟರ್ ಕೊಡುವಾಗಲೂ ಉಳಿದರೆ ಅದು ಇಗ್ನಿಷನ್. ಆ ಹೊತ್ತಿಗೆ ಬ್ಯಾಟರಿಯೇ 10 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ, ಗಾಬರಿ ಬೇಡ. ಸ್ಟಾರ್ಟರ್ ಕೊಟ್ಟಾಗ ಮಾತ್ರ ಕಾಣಿಸಿಕೊಂಡು ಕೀ ಬಿಟ್ಟ ಕೂಡಲೇ ಮಾಯವಾಗುವುದು ಸ್ಟಾರ್ಟರ್ ವೈರ್.

ಇನ್ನೊಂದಿದೆ, ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆನ್‌ನಲ್ಲಿ 12 ಇದ್ದು, ಸ್ಟಾರ್ಟರ್ ಕೊಡುವಾಗ ಇಳಿದು, ಮತ್ತೆ ಬರುವ ಎರಡನೇ ಇಗ್ನಿಷನ್ ವೈರ್. ಎಸಿ, ಬ್ಲೋವರ್ ಹೆಚ್ಚಾಗಿ ಇದರ ಮೇಲೆಯೇ ಓಡುತ್ತವೆ. ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹತ್ತುವ ಮೊದಲೇ ಕಾರು ತಣ್ಣಗಾಗಲಿ ಅಂತಲೇ ಅಲ್ವಾ ರಿಮೋಟ್ ಸ್ಟಾರ್ಟ್ ಹಾಕುವುದು? ಈ ವೈರಿಗೆ ಕರೆಂಟು ಕೊಡದಿದ್ದರೆ ಎಂಜಿನ್ ಓಡುತ್ತದೆ, ಎಸಿ ಬರುವುದಿಲ್ಲ.

ಗೊತ್ತಾದ ಪ್ರತಿ ವೈರಿಗೂ ಕಾಗದದ ಟೇಪ್ ಅಂಟಿಸಿ ಹೆಸರು ಬರೆಯಿರಿ. ವೈರಿನ ಬಣ್ಣ ನೋಡಿ ತೀರ್ಮಾನ ಬೇಡ. ಒಂದೇ ಕಾರಿನ ಎರಡು ವರ್ಷದ ಮಾದರಿಗಳಲ್ಲಿ ಬಣ್ಣ ಬೇರೆ ಇರಬಹುದು.

ಮುಂದೆ ಬಾಗಿಲಿನ ಸ್ವಿಚ್. ಬಾಗಿಲು ಮುಚ್ಚಿದಾಗ 12 ವೋಲ್ಟ್, ತೆರೆದಾಗ ಸೊನ್ನೆ ತೋರಿಸಿದರೆ ಅದು ಮೈನಸ್ ಟ್ರಿಗರ್, ಅಂದರೆ ಬಾಗಿಲು ತೆರೆದ ಸುದ್ದಿಯನ್ನು ಮೈನಸ್ ಆಗಿ ಕೊಡುವ ವೈರ್. ಉಲ್ಟಾ ಆದರೆ ಪ್ಲಸ್ ಟ್ರಿಗರ್. ಕಿಟ್‌ನಲ್ಲಿ ಎರಡಕ್ಕೂ ಬೇರೆ ಬೇರೆ ವೈರ್ ಇರುತ್ತದೆ. ಬೇಕಾದ್ದನ್ನು ಜೋಡಿಸಿ, ಬೇಡದ್ದರ ತುದಿಗೆ ಸ್ಲೀವ್ ಹಾಕಿ ಮುಚ್ಚಿ. ನಾಲ್ಕೂ ಬಾಗಿಲು ಒಂದೊಂದಾಗಿ ತೆರೆದು, ನೀವು ಹಿಡಿದ ವೈರ್ ಎಲ್ಲದಕ್ಕೂ ಸ್ಪಂದಿಸುತ್ತದಾ ನೋಡಿ. ಚಾಲಕನ ಬಾಗಿಲಿಗೆ ಬೇರೆ ವೈರ್ ಇರುವುದು ಸಾಮಾನ್ಯ. ಹಾಗಿದ್ದರೆ ಪ್ರತಿ ವೈರಿಗೂ ಒಂದು ಡಯೋಡ್ ಹಾಕಿ ಒಟ್ಟುಗೂಡಿಸಿ. ಮೈನಸ್ ಟ್ರಿಗರ್ ಆದರೆ ಡಯೋಡಿನ ಬೆಳ್ಳಿ ಪಟ್ಟೆ ಬಾಗಿಲ ಕಡೆಗೆ ಇರಬೇಕು.

ಇಂಡಿಕೇಟರಿನ ಎಡ, ಬಲ ವೈರುಗಳನ್ನು ಆಯಾ ಬದಿಯ ಇಂಡಿಕೇಟರ್ ಹಾಕಿ ಪತ್ತೆ ಮಾಡಿ. ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ಚಿನಲ್ಲಿ, ಪೆಡಲ್ ಒತ್ತಿದಾಗ ಮಾತ್ರ 12 ಬರುವ ವೈರ್ ಹುಡುಕಿ. ಇದು ರಿಮೋಟ್ ಸ್ಟಾರ್ಟಿಗೆ ಪ್ರಾಣ.

ಬಾಕ್ಸ್, ಸೈರನ್, ಬಾನೆಟ್ ಸ್ವಿಚ್

ಈಗ ಬ್ಯಾಟರಿಯ ಮೈನಸ್ ಕಳಚಿ. ಕೀ ಕಾರಿನ ಹೊರಗಿರಲಿ. ಕೆಲವು ನಿಮಿಷ ಸುಮ್ಮನಿರಿ, ಏರ್‌ಬ್ಯಾಗ್ ಯೂನಿಟ್ಟಿನಲ್ಲಿ ಉಳಿದ ಕರೆಂಟು ಇಳಿಯಬೇಕು.

ಅಲಾರಂ ಬಾಕ್ಸನ್ನು ಚಾಲಕನ ಕಾಲಿನ ಮೇಲೆಯೇ, ಕೈಗೆ ಸಿಗುವಂತೆ ನೇತುಹಾಕುವವರು ಜಾಸ್ತಿ. ಕಳ್ಳ ಮೊದಲು ಕೈಹಾಕುವುದೇ ಅಲ್ಲಿಗೆ. ಮೀಟರ್ ಕ್ಲಸ್ಟರಿನ ಹಿಂದೆ ಅಥವಾ ಡ್ಯಾಶ್‌ಬೋರ್ಡಿನ ಒಳಭಾಗದಲ್ಲಿ ಟೈ ಹಾಕಿ ಬಿಗಿಯಿರಿ. ಸ್ಟೀರಿಂಗ್ ಕಂಬಕ್ಕೆ, ಪೆಡಲಿಗೆ ತಾಗಬಾರದು.

ಸೈರನ್ ಬಾನೆಟ್ ಒಳಗೆ, ಎಗ್ಸಾಸ್ಟ್ ಬಿಸಿಯಿಂದ ದೂರ ಇರಲಿ. ಅದರ ಬಾಯಿ ಕೆಳಮುಖವಾಗಿಯೇ ಇರಬೇಕು. ಮೇಲ್ಮುಖವಾಗಿಟ್ಟರೆ ಮಂಗಳೂರಿನ ಒಂದು ಮಳೆಗಾಲ ಸಾಕು, ಒಳಗೆ ನೀರು ನಿಂತು ಧ್ವನಿ ಕಟ್ಟಿಹೋಗುತ್ತದೆ. ವೈರನ್ನು ಫೈರ್‌ವಾಲಿನ, ಅಂದರೆ ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ, ರಬ್ಬರ್ ಬುಷ್ ಮೂಲಕವೇ ತನ್ನಿ. ಬರಿ ತಗಡಿನ ತೂತಿನಲ್ಲಿ ತಂದರೆ ಅದರ ಅಂಚು ವೈರಿನ ಸಿಪ್ಪೆಯನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಬುಷ್ ಸೇರುವ ಮುಂಚೆ ವೈರ್ ಒಮ್ಮೆ ಕೆಳಕ್ಕೆ ಬಾಗಿ ಮೇಲೆ ಬರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಲಿ ಕಾಟ ಇರುವ ಕಡೆ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಕೊಳವೆ ಹಾಕಿ.

ಬಾನೆಟ್ ಸ್ವಿಚ್ಚಿಗೆ ಎರಡು ಕೆಲಸ. ಯಾರಾದರೂ ಬಾನೆಟ್ ಎತ್ತಿದರೆ ಕೂಗಿಸುವುದು ಒಂದು. ಬಾನೆಟ್ ತೆರೆದಿರುವಾಗ ರಿಮೋಟ್ ಸ್ಟಾರ್ಟ್ ಆಗದಂತೆ ತಡೆಯುವುದು ಇನ್ನೊಂದು. ಮೆಕ್ಯಾನಿಕ್ಕಿನ ಕೈ ಬೆಲ್ಟಿನ ಹತ್ತಿರ ಇರುವಾಗ ಎಂಜಿನ್ ತಿರುಗಿದರೆ ಬೆರಳು ಹೋಗುತ್ತದೆ. ನೀರು ಹರಿಯದ ಒಣ ಜಾಗ ನೋಡಿ ಕೂರಿಸಿ. ತುಕ್ಕು ಹಿಡಿದ ಬಾನೆಟ್ ಸ್ವಿಚ್ಚೇ ಮಳೆಗಾಲದ ಸುಳ್ಳು ಅಲಾರಂಗೆ ದೊಡ್ಡ ಕಾರಣ.

ಕಾರಿಗೆ ಬಿದ್ದ ಪೆಟ್ಟನ್ನು ಗುರುತಿಸುವ ಶಾಕ್ ಸೆನ್ಸರನ್ನು ಡ್ಯಾಶ್‌ಬೋರ್ಡ್ ಒಳಗಿನ ಗಟ್ಟಿ ಲೋಹದ ಪಟ್ಟಿಗೆ ಬಿಗಿಯಿರಿ. ಸೆಂಟ್ರಲ್ ಲಾಕ್ ಇಲ್ಲದ ಕಾರಾದರೆ ಬಾಗಿಲಿಗೆ ಮೋಟರ್ ಹಾಕಬೇಕು. ಚಾಲಕನ ಬಾಗಿಲಿಗೆ ಐದು ವೈರಿನದು, ಉಳಿದದ್ದಕ್ಕೆ ಎರಡು ವೈರಿನದು. ಗಾಜು ಪೂರ್ತಿ ಇಳಿಸಿ, ಮೋಟರಿಗೆ ತಾಗುತ್ತದಾ ನೋಡಿಯೇ ತೂತು ಕೊರೆಯಿರಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಲು ಮರೆಯಬೇಡಿ, ಇಲ್ಲದಿದ್ದರೆ ಮಳೆ ನೀರು ಕಾಲಡಿಗೆ ಬರುತ್ತದೆ.

ಜಾಯಿಂಟ್ ಹಾಕುವ ರೀತಿ

ಸಿಪ್ಪೆ ಸುಲಿದು ಎರಡು ಸುತ್ತು ತಿರುಚಿ ಟೇಪ್ ಸುತ್ತುವುದನ್ನು ಎಲ್ಲೆಲ್ಲೂ ನೋಡುತ್ತೇವೆ. ಇಗ್ನಿಷನ್ನಿನ ದಪ್ಪ ವೈರುಗಳಲ್ಲಿ 20, 30 ಆಂಪಿಯರ್ ಹರಿಯುತ್ತದೆ. ಸಡಿಲ ಜಾಯಿಂಟ್ ಅಲ್ಲಿ ಬಿಸಿಯಾಗುತ್ತದೆ, ಟೇಪಿನ ಅಂಟು ಕರಗುತ್ತದೆ, ಬರಿ ತಾಮ್ರ ಪಕ್ಕದ ವೈರಿಗೆ ತಗಲುತ್ತದೆ. ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್ಪೂ ಈ ಜಾಗಕ್ಕೆ ಸಾಲದು.

ಹೀಗೆ ಮಾಡಿ. ಕಾರಿನ ವೈರನ್ನು ಕತ್ತರಿಸದೆ, ಅರ್ಧ ಇಂಚು ಸಿಪ್ಪೆ ಮಾತ್ರ ತೆಗೆಯಿರಿ. ಎಳೆಗಳ ನಡುವೆ ಕಡ್ಡಿ ತೂರಿಸಿ ಕಣ್ಣಿನಂತೆ ಬಿಡಿಸಿ. ಕಿಟ್‌ನ ವೈರಿನ ತುದಿಯನ್ನು ಆ ಕಣ್ಣಿನೊಳಗೆ ತೂರಿಸಿ, ಎರಡೂ ಕಡೆ ಬಿಗಿಯಾಗಿ ಸುತ್ತಿ. ಐರನ್ನನ್ನು ವೈರಿನ ಕೆಳಗೆ ಹಿಡಿದು, ಸೋಲ್ಡರನ್ನು ಮೇಲಿಂದ ಮುಟ್ಟಿಸಿ. ತಾಮ್ರ ಬಿಸಿಯಾದಾಗ ಸೋಲ್ಡರ್ ತಾನಾಗಿ ಎಳೆಗಳೊಳಗೆ ಇಳಿಯುತ್ತದೆ. ಮೇಲೆ ಮುದ್ದೆಯಾಗಿ ಕೂತರೆ ಬಿಸಿ ಸಾಲಲಿಲ್ಲ, ಮತ್ತೆ ಮಾಡಿ. ಆರಿದ ಮೇಲೆ ಬಟ್ಟೆಯ ಟೇಪನ್ನು ಎಳೆದು ಎಳೆದು ಸುತ್ತಿ, ಅಲುಗಾಡದಂತೆ ಪಕ್ಕದ ಕಟ್ಟಿಗೆ ಟೈ ಹಾಕಿ. ಕತ್ತರಿಸಿದ ವೈರಾದರೆ ಹೀಟ್ ಶ್ರಿಂಕ್ ಸ್ಲೀವನ್ನು ಮೊದಲೇ ಏರಿಸಿಟ್ಟುಕೊಳ್ಳಿ.

ಅರ್ಥ್ ವೈರನ್ನು ಕಾರಿನ ಲೋಹದ ಮೈಗೆ, ಬಣ್ಣ ಕೆರೆದು, ರಿಂಗ್ ಹಾಕಿ ಬೋಲ್ಟ್ ಮಾಡಿ. ಪ್ಲಸ್ ವೈರಿನ ಫ್ಯೂಸ್ ಕರೆಂಟು ತೆಗೆದುಕೊಳ್ಳುವ ಜಾಗಕ್ಕೆ ಹತ್ತಿರ ಇರಬೇಕು. ಎಲ್ಲ ಮುಗಿಯುವವರೆಗೆ ಫ್ಯೂಸ್ ಹಾಕಬೇಡಿ.

ಸ್ಟಾರ್ಟರ್ ಕಟ್

ಕಳ್ಳನಿಗೆ ಕೀ ಸಿಕ್ಕರೂ ಸ್ಟಾರ್ಟ್ ಆಗದಂತೆ ಮಾಡುವ ಭಾಗ ಇದು. ಕತ್ತರಿಸಬೇಕಾದ್ದು ಸ್ಟಾರ್ಟರ್ ವೈರ್ ಒಂದನ್ನೇ. ಪೆಟ್ರೋಲ್ ಪಂಪ್ ವೈರನ್ನೋ ಇಗ್ನಿಷನ್ನನ್ನೋ ಕತ್ತರಿಸಿ ರಿಲೇ ಹಾಕಿದರೆ, ರಿಲೇ ಕೆಟ್ಟ ದಿನ ಹೆದ್ದಾರಿಯ ಮಧ್ಯೆ ಎಂಜಿನ್ ನಿಲ್ಲುತ್ತದೆ. ಸ್ಟಾರ್ಟರ್ ವೈರಿನಲ್ಲಿ ರಿಲೇ ಕೆಟ್ಟರೆ ಕಾರು ನಿಂತಲ್ಲೇ ನಿಲ್ಲುತ್ತದೆ, ಅಷ್ಟೇ.

ಕತ್ತರಿಸಿದ ವೈರಿನ ಕೀ ಕಡೆಯ ತುದಿ ರಿಲೇಯ 30ನೇ ಪಿನ್ನಿಗೆ, ಮೋಟರ್ ಕಡೆಯ ತುದಿ 87ಎಗೆ. ಇಗ್ನಿಷನ್ ವೈರಿನಿಂದ 12 ವೋಲ್ಟ್ 85ಕ್ಕೆ, ಅಲಾರಂ ಹಾಕಿದಾಗ ಮೈನಸ್ ಕೊಡುವ ವೈರ್ 86ಕ್ಕೆ. 85 ಮತ್ತು 86ರ ನಡುವೆ ಒಂದು ಡಯೋಡ್ ಹಾಕಿ, ಪಟ್ಟೆ 85ರ ಕಡೆಗೆ. ರಿಲೇ ಸುಮ್ಮನಿದ್ದಾಗ 30 ಮತ್ತು 87ಎ ಕೂಡಿಯೇ ಇರುತ್ತವೆ. ಹಾಗಾಗಿ ಅಲಾರಂ ಪೂರ್ತಿ ಸತ್ತರೂ ನಿಮ್ಮ ಕಾರು ಸ್ಟಾರ್ಟ್ ಆಗುತ್ತದೆ.

ರಿಮೋಟ್ ಸ್ಟಾರ್ಟ್

ಹುಡುಕಿಟ್ಟ ಐದು ದಪ್ಪ ವೈರುಗಳಿಗೆ ಕಿಟ್‌ನ ಐದು ದಪ್ಪ ವೈರುಗಳು ಸೇರುತ್ತವೆ. ಇದರಲ್ಲಿ ಸ್ಟಾರ್ಟರ್ ವೈರ್ ಸೇರಬೇಕಾದ್ದು ರಿಲೇಯ 87ಎ ಕಡೆಗೆ, ಅಂದರೆ ಮೋಟರಿನ ಕಡೆಗೆ. ಕೀ ಕಡೆಗೆ ಹಾಕಿದರೆ ಅಲಾರಂ ತನ್ನ ಸ್ಟಾರ್ಟನ್ನೇ ತಾನು ತಡೆಯುತ್ತದೆ. ಆದರೆ ಆ ಜಾಗ ಗೇರಿನ ಸೇಫ್ಟಿ ಸ್ವಿಚ್ಚಿಗಿಂತ, ಅಂದರೆ ಕಾರು ಗೇರಿನಲ್ಲಿದ್ದಾಗ ಸ್ಟಾರ್ಟರ್ ತಡೆಯುವ ಸ್ವಿಚ್ಚಿಗಿಂತ, ಮೊದಲೇ ಇರಬೇಕು. ಕೀ ಸಿಲಿಂಡರಿನ ಹತ್ತಿರವೇ ಜೋಡಿಸಿದರೆ ಇದು ತಾನಾಗಿ ಸರಿಹೋಗುತ್ತದೆ. ಸ್ಟಾರ್ಟರ್ ರಿಲೇ ಹತ್ತಿರ ಹೋಗಿ ನೇರ ಕರೆಂಟು ಕೊಟ್ಟರೆ, ಡಿ ಗೇರಿನಲ್ಲೂ ಮೋಟರ್ ತಿರುಗುವ ಅಪಾಯ ಇದೆ.

ಬ್ರೇಕ್ ವೈರ್, ಬಾನೆಟ್ ಸ್ವಿಚ್ ಎರಡನ್ನೂ ಬಿಡದೆ ಜೋಡಿಸಿ. ಕೀ ಇಲ್ಲದೆ ಓಡುತ್ತಿರುವ ಕಾರಿನೊಳಗೆ ಯಾರಾದರೂ ನುಗ್ಗಿ ಗೇರ್ ಹಾಕಲು ಬ್ರೇಕ್ ಒತ್ತಿದರೆ ಎಂಜಿನ್ ತಕ್ಷಣ ನಿಲ್ಲುವುದು ಆ ವೈರಿನಿಂದ. ಎಂಜಿನ್ ಹತ್ತಿಕೊಂಡಿದ್ದು ಗೊತ್ತಾಗಲು ಟ್ಯಾಕೋ ವೈರ್ (ಎಂಜಿನ್ ತಿರುಗುವ ವೇಗ ತಿಳಿಸುವ ವೈರ್) ಕೊಡುವುದು ಉತ್ತಮ. ಬರಿ ವೋಲ್ಟೇಜ್ ನೋಡುವ ಕ್ರಮದಲ್ಲಿ ಸ್ಟಾರ್ಟರ್ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ತಿರುಗಬಹುದು. ಓಡುವ ಅವಧಿ 10 ನಿಮಿಷಕ್ಕೆ ಇಡಿ.

ಕೀಯಲ್ಲಿ ಚಿಪ್ ಇರುವ ಕಾರಾದರೆ ಇಮೊಬಿಲೈಸರ್ ಬೈಪಾಸ್ ಬೇಕು. ಚಿಪ್ ಸಿಗದಿದ್ದರೆ ಎಂಜಿನ್ ಓಡಲು ಬಿಡದ ಕಂಪನಿಯ ಕಾವಲೇ ಇಮೊಬಿಲೈಸರ್. ಅಗ್ಗದ ಬೈಪಾಸ್ ಅಂದರೆ ಎರಡನೇ ಕೀಯನ್ನೇ ಡಬ್ಬಿಯಲ್ಲಿಟ್ಟು ಡ್ಯಾಶ್‌ಬೋರ್ಡಿನೊಳಗೆ ಬಚ್ಚಿಡುವುದು. ಇದನ್ನು ನಾನು ಒಪ್ಪುವುದಿಲ್ಲ. ಕಾರು ಕಳವಾದರೆ ವಿಮೆ ಕಂಪನಿ ಎರಡೂ ಕೀ ಕೇಳುತ್ತದೆ. ಒಂದು ಕೀ ಕಾರಿನ ಜೊತೆಗೇ ಹೋಗಿದ್ದರೆ ಕ್ಲೇಮು ಕೈತಪ್ಪಬಹುದು. ಮೂರನೇ ಕೀ ಮಾಡಿಸಿ ಬಳಸಿ, ಅಥವಾ ಆ ಕಾರಿಗೆಂದೇ ಬರುವ ಡೇಟಾ ಬೈಪಾಸ್ ತನ್ನಿ. ಎರಡೂ ಆಗದಿದ್ದರೆ ರಿಮೋಟ್ ಸ್ಟಾರ್ಟ್ ಆಸೆ ಬಿಡಿ.

ಪರೀಕ್ಷೆ

ಬ್ಯಾಟರಿ ಜೋಡಿಸಿ, ಫ್ಯೂಸ್ ಒಂದೊಂದಾಗಿ ಹಾಕಿ. ಚಾಲಕನ ಕಿಟಕಿ ಇಳಿಸಿಯೇ ಇರಲಿ, ಲಾಕ್ ಆಗಿಬಿಟ್ಟರೆ ಕೈಹಾಕಬಹುದು. ಅಲಾರಂ ಹಾಕಿ, ಪ್ರತಿ ಬಾಗಿಲು, ಡಿಕ್ಕಿ, ಬಾನೆಟ್ ತೆರೆದು ನೋಡಿ. ಅಲಾರಂ ಹಾಕಿದಾಗ ಕೀಯಿಂದ ಸ್ಟಾರ್ಟ್ ಆಗಬಾರದು.

ಶಾಕ್ ಸೆನ್ಸರನ್ನು ಕಡಿಮೆಯಿಂದ ಶುರುಮಾಡಿ ಏರಿಸಿ. ಅಂಗೈಯಿಂದ ಗಾಜಿನ ಮೇಲೆ ಮೆಲ್ಲಗೆ ತಟ್ಟಿದರೆ ಒಂದೆರಡು ಬೀಪ್ ಸಾಕು, ಜೋರಾಗಿ ಗುದ್ದಿದರೆ ಪೂರ್ತಿ ಕೂಗಲಿ. ಲಾರಿ ಹೋದರೂ, ದೀಪಾವಳಿಯ ಪಟಾಕಿಗೂ ಕೂಗುವ ಕಾರಿನ ಕಡೆ ಅಕ್ಕಪಕ್ಕದವರು ಕಳ್ಳ ಬಂದ ದಿನವೂ ತಿರುಗಿ ನೋಡುವುದಿಲ್ಲ.

ರಿಮೋಟ್ ಸ್ಟಾರ್ಟ್ ಪರೀಕ್ಷೆ ಬಯಲಲ್ಲಿ ಮಾಡಿ. ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಮೊದಲು ಬಾನೆಟ್ ತೆರೆದು ಬಟನ್ ಒತ್ತಿ, ಎಂಜಿನ್ ತಿರುಗಬಾರದು. ನಂತರ ಪಾರ್ಕ್‌ನಲ್ಲಿ ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿ, ತಕ್ಷಣ ನಿಲ್ಲಬೇಕು. ಕೊನೆಗೆ ಸೀಟಿನಲ್ಲಿ ಕೂತು ಡಿ ಗೇರಿಗೆ ಹಾಕಿ, ಕೀ ಆಫ್ ಮಾಡಿ, ಕಾಲನ್ನು ಬ್ರೇಕಿನ ಮೇಲೆ ತಾಗಿಸದೆ ಹಿಡಿದು ರಿಮೋಟ್ ಒತ್ತಿ. ಸ್ಟಾರ್ಟರ್ ಅಲುಗಿದರೂ ಸರಿಯಿಲ್ಲ, ತಕ್ಷಣ ಬ್ರೇಕ್ ಒತ್ತಿ. ಈ ಮೂರರಲ್ಲಿ ಒಂದು ತಪ್ಪಿದರೂ ಕಿಟ್‌ನ ಸ್ಟಾರ್ಟರ್ ವೈರ್ ಕಳಚಿಟ್ಟು ಕಾರಣ ಹುಡುಕಿ.

ನಿಂತ ಕಾರಿನ ಕರೆಂಟು ಅಳೆಯುವುದು ಉಳಿಯಿತು. ಮೀಟರನ್ನು 10 ಆಂಪಿಯರಿಗೆ ಇಟ್ಟು, ಬ್ಯಾಟರಿ ಮೈನಸ್ ಮತ್ತು ಅದರ ಕೇಬಲ್ ನಡುವೆ ಜೋಡಿಸಿ. ಅಲಾರಂ ಹಾಕಿ ಅರ್ಧ ಗಂಟೆ ಕಾಯಿರಿ. ಈ ನಡುವೆ ಬಾಗಿಲು ತೆರೆಯಬೇಡಿ, ಸ್ಟಾರ್ಟ್ ಮಾಡಬೇಡಿ. 50 ಮಿಲಿ ಆಂಪಿಯರಿಗಿಂತ ಕಡಿಮೆ ಇರಬೇಕು. 50 ಇದ್ದರೂ ದಿನಕ್ಕೆ 1.2 ಆಂಪಿಯರ್ ಅವರ್ ಖರ್ಚು, 35ರ ಬ್ಯಾಟರಿ ಎರಡು ವಾರದಲ್ಲಿ ಅರ್ಧ ಇಳಿಯುತ್ತದೆ. ಊರಿಗೆ ಹೋಗಿ ತಿಂಗಳು ಬಿಡುವವರು ಮೈನಸ್ ಕಳಚಿ ಹೋಗಿ.

ಸರ್ವಿಸಿಗೆ ಬಿಡುವಾಗ ಕಿಟ್‌ನ ವ್ಯಾಲೆ ಸ್ವಿಚ್ (ಕಾರನ್ನು ಬೇರೆಯವರ ಕೈಗೆ ಕೊಡುವಾಗ ಬಳಸುವ ಸ್ವಿಚ್) ಹಾಕಿ ರಿಮೋಟ್ ಸ್ಟಾರ್ಟ್ ನಿಲ್ಲಿಸಿ, ಅಲ್ಲಿ ಕಾರು ತೆಗೆದುಕೊಳ್ಳುವವರಿಗೆ ಬಾಯಲ್ಲೂ ಹೇಳಿ. ಯಾವ ವೈರ್ ಎಲ್ಲಿ ಸೇರಿಸಿದ್ದೀರಿ, ರಿಲೇ ಎಲ್ಲಿದೆ ಅಂತ ಬರೆದ ಹಾಳೆಯನ್ನು ಮನೆಯಲ್ಲಿಡಿ, ಗ್ಲೋವ್ ಬಾಕ್ಸಿನಲ್ಲಿ ಬೇಡ.